ಏರಿ ಬೆವರುವ ಕಾಲ

ದಾವಣಗೆರೆಯಲ್ಲಿ ಆಟೋ ಹತ್ತಿ ಬರೀ ‘ಕುಂದವಾಡ’ ಅನ್ನಬೇಡಿ. ಹಳೇದೊಂದು, ಹೊಸದೊಂದು, ಎರಡು ಕುಂದವಾಡ ಇವೆ. ‘ಕೆರೆ ಏರಿ ಹತ್ರ ಬಿಡಪ್ಪಾ’ ಅನ್ನದ ತಪ್ಪಿಗೆ ನಾನೂ ಅಕ್ಕನ ಮಗನೂ ಸೆಪ್ಟೆಂಬರ್ ಬಿಸಿಲಲ್ಲಿ ಮಾರುದ್ದದ ಡ್ರಾಯಿಂಗ್ ಸುರುಳಿ ಹೊತ್ತು ಮುಕ್ಕಾಲು ಗಂಟೆ ನಡೆದೆವು. ಬೆಳಿಗ್ಗೆಯ ಬೆಣ್ಣೆದೋಸೆ ಅಲ್ಲಿಗೇ ಕರಗಿತು.

ಹುಡುಗ ಆರ್ಕಿಟೆಕ್ಚರ್ ಓದುತ್ತಾನೆ. ದಾವಣಗೆರೆ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಗಂಗೋತ್ರಿ ತೋಳಹುಣಸೆಯಲ್ಲಿ, ಊರಾಚೆ ಇದೆ. ಅದರದೊಂದು ಭಾಗ ಕೆರೆದಂಡೆಗೆ ಬಂದರೆ ಹೇಗಿದ್ದೀತು ಅನ್ನುವುದು ಅವನ ಥೀಸಿಸ್. ಕಾಗದದ ಮೇಲಿನ ಕ್ಯಾಂಪಸ್ ಅಷ್ಟೆ, ಯಾರೂ ಕಟ್ಟಲು ಹೊರಟಿಲ್ಲ. ಅವನ ಬಾಯಲ್ಲಿ ಸದಾ ಜರ್ಮನಿಯ ಹ್ಯಾಂಬರ್ಗ್. ಅಲ್ಲಿ ಹಳೇ ಬಂದರಿನ ಜಾಗದಲ್ಲಿ ಹಾಫೆನ್‌ಸಿಟಿ ಅಂತ ಹೊಸ ಬಡಾವಣೆಯನ್ನೇ ಎಬ್ಬಿಸಿ, 2014ರಲ್ಲಿ ಒಂದು ವಿಶ್ವವಿದ್ಯಾಲಯವನ್ನೂ ನದಿದಂಡೆಗೆ ತಂದರಂತೆ.

ಸ್ಮಾರ್ಟ್ ಸಿಟಿ ದುಡ್ಡಲ್ಲಿ ಏರಿ ನೀಟಾಗಿದೆ. ನನಗೇನೋ ಆ ಕಲ್ಲುಹಾಸಿಗಿಂತ ಕೆಳಗಿನ ಜೊಂಡೇ ಚೆಂದ ಕಂಡಿತು. ಭದ್ರಾ ನಾಲೆ ನೀರು ಬಂದು ಕೆರೆ ತುಂಬಿತ್ತು. ಊರು ಕುಡಿಯುವ ನೀರು ಅದು.

ಏರಿಯ ಕೆಳಗೆ ಹುಲ್ಲು ಕೊಯ್ಯುತ್ತಿದ್ದ ಅಜ್ಜನೊಬ್ಬ ನಮ್ಮ ಸುರುಳಿ ನೋಡಿ ಹತ್ತಿರ ಬಂದ. ಹುಡುಗ ನಾಲ್ಕು ಮೂಲೆಗೆ ಕಲ್ಲಿಟ್ಟು ಹಾಳೆ ಬಿಚ್ಚಿದ. ಲೈಬ್ರರಿ, ಹಾಸ್ಟೆಲ್, ಲೈಬ್ರರಿಯ ಕೆಳಗೆ ಪಾರ್ಕಿಂಗಿಗೆ ಎರಡಂತಸ್ತಿನ ಸೆಲ್ಲಾರ್. ಅಜ್ಜ ಎಲ್ಲವನ್ನೂ ಸಮಾಧಾನವಾಗಿ ನೋಡಿದ.

“ಇದು ಯಾವ ತಿಂಗಳ ಕೆರಿಯಪ್ಪಾ?”

“ಅಂದ್ರೆ?”

“ನೀ ಅಳತಿ ಮಾಡಿದ್ದು ಯಾವಾಗ?”

“ಬೇಸಿಗೆ ರಜೇಲಿ, ಅಜ್ಜ.”

“ಅದಕ್ಕ. ಆಗ ಕೆರಿ ಇಳಿದಿರ್ತತಿ, ಇಲ್ಲಿ ಮಣ್ಣು ಬಿರಿಬಿಟ್ಟಿರ್ತತಿ. ತುಂಬಿದಾಗ ಏರಿ ಬೆವರ್ತತಿ.”

ನಮಗೆ ಅರ್ಥವಾಗಲಿಲ್ಲ ಅಂತ ಅವನಿಗೆ ಗೊತ್ತಾಯಿತು. ಕುಡುಗೋಲಿನ ಮೊನೆಯಿಂದ ಗೇಣುದ್ದ ಗುಂಡಿ ತೋಡಿ, ಬೀಡಿ ಹಚ್ಚಿಕೊಂಡು ಕೂತ. ಮೊದಲು ಕಪ್ಪು ಮಣ್ಣಿನ ಗೋಡೆ ಹೊಳೆಯತೊಡಗಿತು. ಆಮೇಲೆ ಒಂದು ಬೇರಿನ ತುದಿಯಲ್ಲಿ ಹನಿ ಕಟ್ಟಿ ಉದುರಿತು. ಬೀಡಿ ಮುಗಿಯುವಷ್ಟರಲ್ಲಿ ಗುಂಡಿಯ ತಳದಲ್ಲಿ ಬೊಗಸೆ ನೀರು, ಅದರಲ್ಲೊಂದು ಇರುವೆ ಈಜುತ್ತಿತ್ತು.

“ಬಸಿನೀರು,” ಅಂದ ಅಜ್ಜ. “ನಿನ್ನ ಗಾಡಿಗೋಳು ಇದರಾಗ ನಿಲ್ತಾವೇನು?”

ನಾನು ನಕ್ಕುಬಿಟ್ಟೆ. ಹುಡುಗ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹ್ಯಾಂಬರ್ಗಿನವರು ಪ್ರವಾಹಕ್ಕೆ ಹೆದರಿ ನೆಲವನ್ನೇ ಸಮುದ್ರಮಟ್ಟದಿಂದ ಎಂಟು ಮೀಟರ್‌ಗೆ ಏರಿಸಿಕೊಂಡ್ರು ಮಾವ. ಅವರ ಫೋಟೋ ಮಾತ್ರ ನೋಡಿ ನಾನು ಅಗೀತಾ ಹೋದೆ” ಅಂದ.

ಅಜ್ಜನಿಗೆ ಹ್ಯಾಂಬರ್ಗ್ ಬೇಕಿರಲಿಲ್ಲ. ಹಾಸ್ಟೆಲ್ ಎಷ್ಟು ಹುಡುಗರಿಗೆ, ಅವರ ಬಚ್ಚಲ ನೀರು ಯಾವ ಕಡೆ ಹೋಗತ್ತೆ ಅಂತ ಕೇಳಿದ. ಹಾಳೆಯಲ್ಲಿ ಆ ಗೆರೆಯೂ ಇರಲಿಲ್ಲ. ಹುಡುಗ ಪೆನ್ಸಿಲ್ ತೆಗೆದು ಸೆಲ್ಲಾರಿನ ಮೇಲೆ ಅಡ್ಡಗೆರೆ ಎಳೆದ. ಹಾಳೆ ಎತ್ತಿ ನೋಡಿದರೆ ಅಡಿಭಾಗ ಆಗಲೇ ತೇವ ಹೀರಿತ್ತು.