ಮಹಾಕೂಟದ ಕಂಬದ ಮುಂದೆ ಒಂದು ಮಧ್ಯಾಹ್ನ

ಹರಕೆ ಇದ್ದದ್ದು ಬನಶಂಕರಿಗೆ. ಮೊಣಕಾಲಿನ ಆಪರೇಶನ್ ಆದಾಗ ಅವ್ವ, "ನನ್ನ ಕಾಲಮ್ಯಾಲ ನಡಕೋತ ಬಂದು ಉಡಿ ತುಂಬತೀನಿ ತಾಯಿ" ಎಂದು ಬೇಡಿಕೊಂಡಿದ್ದಳು. ನನ್ನ ಆಸೆ ಬೇರೆಯದು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದರೂ ಕಪ್ಪೆ ಅರಭಟ್ಟನ ಶಾಸನವನ್ನು ಬೋರ್ಡಿನ ಮೇಲೆ ಬರೆದಿದ್ದೆನೇ ಹೊರತು ಬಂಡೆಯ ಮೇಲೆ ಕಂಡಿರಲಿಲ್ಲ. ಇಬ್ಬರ ಆಸೆಗೂ ದಾರಿ ಬಾದಾಮಿಯೇ. ದೀಪಾವಳಿ ಮುಗಿದು ವಾರವಾದ ಮೇಲೆ ಬೆಳಗಾವಿಯಲ್ಲಿ ಬಸ್ಸು ಹತ್ತಿದೆವು.

ಬಾದಾಮಿಯ ಮೊದಲ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಹೆಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ಅವ್ವನಿಗೂ ಅಷ್ಟು ಮೆಟ್ಟಿಲು ಏರುವುದು ಆಗಲಿಲ್ಲ. ಸಂಜೆ ಅಗಸ್ತ್ಯತೀರ್ಥದ ಆಚೆ ತಟ್ಟುಕೋಟಿಯ ಬಂಡೆಯ ಕೆಳಗೆ ನಿಂತು "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಜೋರಾಗಿ ಓದಿದೆ. ಅವ್ವ ಮೂರೂ ಸಾಲು ಕೇಳಿ, "ಇದು ಬೀಸೂ ಪದದ ಧಾಟಿ ಐತಲ್ಲ" ಅಂದಳು. ತ್ರಿಪದಿಯನ್ನು ನಾನು ಮಕ್ಕಳಿಗೆ ಗಣ ಹಾಕಿ ಕಲಿಸಿದವಳು. ಅವ್ವ ಅದನ್ನು ಬೀಸುಕಲ್ಲಿನ ಗೂಟ ಹಿಡಿದು ಕಲಿತವಳು. ಅವಳಿಗೆ ಗುರುತು ಹತ್ತಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ಎರಡನೆಯ ದಿನ ಮಹಾಕೂಟಕ್ಕೆ ಹೋದದ್ದು ಅವ್ವನ ಒತ್ತಾಯಕ್ಕೆ. ಬನಶಂಕರಿಗೆ ಹೋಗುವ ಮುಂಚೆ ಮಹಾಕೂಟದ ಹೊಂಡದ ನೀರು ತಲೆಗೆ ಹಾಕಿಕೊಳ್ಳಬೇಕು ಎಂಬುದು ಅವಳ ಅತ್ತೆ ಹೇಳಿಕೊಟ್ಟ ರೀತಿ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟಂಟಂ ಗೊತ್ತು ಮಾಡಿದೆವು. ಹೋಗಿ ಬರುವುದಕ್ಕೆ ಮಾತಾಯಿತು, ಚಾಲಕ ಪೂರ್ತಿ ದುಡ್ಡು ಮೊದಲೇ ಕೇಳಿದ, ಕೊಟ್ಟೆ. "ಒಂದು ತಾಸಿಗೆ ಬರ್ತೀನ್ರೀ" ಎಂದು ನಮ್ಮನ್ನು ಇಳಿಸಿ ಹೋದವನು ಬರಲೇ ಇಲ್ಲ. ಆಪರೇಶನ್ ಆದ ಎಪ್ಪತ್ನಾಲ್ಕು ವರ್ಷದ ಹೆಣ್ಣುಮಗಳು ಕೂಡ ಇದ್ದಾಳೆಂದು ಕಣ್ಣಾರೆ ಕಂಡೂ ಹಾಗೆ ಮಾಡಿದ್ದು ನನಗೆ ಇವತ್ತಿಗೂ ನುಂಗಲಾಗಿಲ್ಲ. ಮಹಾಕೂಟಕ್ಕೆ ಹೋಗುವವರು ಅರ್ಧ ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ, ಗಾಡಿಯ ನಂಬರು ಬರೆದುಕೊಳ್ಳಿ. ಅಲ್ಲಿ ನನ್ನ ಫೋನಿಗೆ ನೆಟ್‌ವರ್ಕ್ ಸಿಗಲಿಲ್ಲ, ದಾರಿಯಲ್ಲಿ ಗಾಡಿಗಳ ಓಡಾಟವೂ ಕಡಿಮೆ.

ಗುಡ್ಡಗಳ ನಡುವಿನ ತಗ್ಗಿನಲ್ಲಿ, ಆಲದ ಮರಗಳ ನೆರಳಲ್ಲಿ ಗುಡಿಗಳ ಗುಂಪೇ ಇದೆ. ನಡುವೆ ವಿಷ್ಣು ಪುಷ್ಕರಣಿ. ನೆಲದೊಳಗಿನ ಸೆಲೆಯಿಂದ ನೀರು ಉಕ್ಕುತ್ತಲೇ ಇರುತ್ತದೆ, ತುಂಬಿದ್ದು ಹೊರಗೆ ಹರಿದು ಹೋಗುತ್ತದೆ. ಹೊಂಡದೊಳಗಿನ ಪುಟ್ಟ ಮಂಟಪದಲ್ಲಿ ನಾಲ್ಕೂ ದಿಕ್ಕಿಗೆ ಮುಖವಿರುವ ಲಿಂಗ. ಅವ್ವ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಮೂರು ಸಲ ಬೊಗಸೆ ತುಂಬಿ ತಲೆಗೆ ಹಾಕಿಕೊಂಡಳು. ನೀರು ಎಷ್ಟು ತಿಳಿ ಎಂದರೆ ಅವಳ ಕಾಲಿನ ಉಂಗುರ ತಳದಲ್ಲಿ ಕಾಣುತ್ತಿತ್ತು. ಅಗಸ್ತ್ಯರು ವಾತಾಪಿಯನ್ನು ಜೀರ್ಣಿಸಿಕೊಂಡದ್ದು ಈ ಸೀಮೆಯಲ್ಲೇ ಎಂಬ ಕಥೆ ಹೇಳುತ್ತ, ನಮಗೆ ಸಣ್ಣವರಿದ್ದಾಗ ಉಣಿಸಿ ಹೊಟ್ಟೆ ಸವರಿ "ಜೀರ್ಣ ಜೀರ್ಣ ವಾತಾಪಿ ಜೀರ್ಣ" ಅನ್ನುತ್ತಿದ್ದದ್ದನ್ನು ನೆನೆಸಿಕೊಂಡಳು. ದಕ್ಷಿಣಕಾಶಿ ಎಂಬ ಹೆಸರು ಈ ಜಾಗಕ್ಕೆ ಯಾಕೆ ಬಂತೆಂದು ಆ ನೀರಿನಲ್ಲಿ ಕಾಲಿಟ್ಟರೆ ಸಾಕು, ತಿಳಿಯುತ್ತದೆ. ಶಿಖರಕ್ಕೆ ಸುಣ್ಣ ಬಳಿದದ್ದು ಮಾತ್ರ ನನಗೆ ಹಿಡಿಸಲಿಲ್ಲ. ಆ ಕೆಂಪು ಮರಳುಗಲ್ಲಿಗೆ ಬಣ್ಣದ ಅಗತ್ಯವೇ ಇಲ್ಲ.

ಚಾಲುಕ್ಯರ ಕಾಲದಲ್ಲಿ ಇದು ಮಕುಟೇಶ್ವರನ ಸ್ಥಾನ. ಚಾಲುಕ್ಯ ದೊರೆ ಮಂಗಲೇಶ ಇಲ್ಲಿ ನಿಲ್ಲಿಸಿದ ಧರ್ಮವಿಜಯ ಸ್ತಂಭ ಈಗ ವಿಜಯಪುರದಲ್ಲಿದೆ. ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ ಅದನ್ನು ಶಾಲೆಯ ಟ್ರಿಪ್ಪಿನಲ್ಲಿ ನೋಡಿದ್ದೆ. 602ರ ಸುಮಾರಿನ ಆ ಸಂಸ್ಕೃತ ಶಾಸನದಲ್ಲಿ ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರಿದೆ, ದೇವರಿಗೆ ಹತ್ತು ಹಳ್ಳಿ ಬಿಟ್ಟ ಸಂಗತಿಯಿದೆ. ಆ ಹತ್ತರಲ್ಲಿ ಒಂದು ಕಿಸುವೊಳಲ್, ಎಂದರೆ ಇಂದಿನ ಪಟ್ಟದಕಲ್ಲು. ಕಂಬ ಊರು ಬಿಟ್ಟು ಹೋದದ್ದಕ್ಕೆ ಬೇಸರವಿತ್ತು. ಆದರೆ ಇನ್ನೊಂದು ಬರಹ ಇಲ್ಲೇ ಉಳಿದಿದೆ. ಮಹಾಕೂಟೇಶ್ವರನ ಗುಡಿಯ ಮುಖಮಂಟಪದ ಕಂಬದ ಮೇಲೆ, ಕನ್ನಡದಲ್ಲಿ.

ಅದರ ಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. 696ರಿಂದ 733ರವರೆಗೆ ಆಳಿದ ಚಾಲುಕ್ಯ ದೊರೆ ವಿಜಯಾದಿತ್ಯನ "ಪ್ರಾಣವಲ್ಲಭೆ" ವಿನಾಪೋಟಿ ಕೊಟ್ಟ ದಾನದ ಶಾಸನ ಅದು. ಹಳೆಯ ಲಿಪಿ ನನಗೆ ಪೂರ್ತಿ ಬರುವುದಿಲ್ಲ, ಆದರೆ ಗಕಾರದ ಗುರುತು ಇತ್ತು. ಆಗಿನ "ಗ" ಒಂದು ಸಣ್ಣ ಕಮಾನಿನಂತೆ ಇರುತ್ತದೆ. ಫೋನಿನ ಬೆಳಕನ್ನು ಓರೆಯಾಗಿ ಹಿಡಿದರೆ ಅಕ್ಷರದ ಗೀರಿನಲ್ಲಿ ನೆರಳು ತುಂಬುತ್ತದೆ. ಹಾಗೆ ಹಿಡಿದು, ಕಲ್ಲನ್ನು ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಸರಿಸುತ್ತ ಕಮಾನುಗಳನ್ನು ಹುಡುಕಿದೆ. ರೇವಮಂಚಳ್ಗಳ್. ಅವರ ಮಗಳ್ದಿರ್ ಕುಚಿಪೋಟಿಗಳ್. ಅವರ ಮಗಳ್ದಿರ್ ವಿನಾಪೋಟಿಗಳ್.

ಅಜ್ಜಿ, ತಾಯಿ, ಮಗಳು. ಅಜ್ಜಿಗೆ ಶಾಸನ ಬಳಸುವ ಮಾತು "ಮುದುತಾಯ್ವಿರ್". ಮೂವರ ಹೆಸರಿಗೂ "ಗಳ್" ಹಚ್ಚಿದೆ. ನಾವು "ಅವರು" ಅನ್ನುವಂಥ ಗೌರವದ ಬಹುವಚನ ಅದು. ತಂದೆಯ ಹೆಸರು ಎಲ್ಲಿಯೂ ಇಲ್ಲ. ಇದೇ ಶಾಸನ ವಿನಾಪೋಟಿಯನ್ನು "ಸೂಳೆ" ಎಂದೂ ಕರೆಯುತ್ತದೆ. ಇವತ್ತು ಬೈಗುಳವಾಗಿರುವ ಆ ಮಾತಿಗೂ ಅಲ್ಲಿ ಗೌರವದ ಪ್ರತ್ಯಯ ಹತ್ತಿದೆ. ಅವಳು ಇಲ್ಲಿ ಹಿರಣ್ಯಗರ್ಭ ದಾನ ಮಾಡಿದಳು. ಬಂಗಾರದ ಗರ್ಭದೊಳಗಿನಿಂದ ಹೊಸದಾಗಿ ಹುಟ್ಟಿ ಬಂದಂತೆ ಎದ್ದು ಬಂದು, ಆ ಬಂಗಾರವನ್ನೆಲ್ಲ ಕೊಟ್ಟುಬಿಡುವ ದಾನ ಅದು. ಬಾದಾಮಿ ಕೋಟೆ ಕಟ್ಟಿದ ಒಂದನೆಯ ಪುಲಕೇಶಿ ತನ್ನ 543ರ ಬಂಡೆಗಲ್ಲಿನ ಶಾಸನದಲ್ಲಿ ಹೇಳಿಕೊಂಡದ್ದೂ ಇದನ್ನೇ. ಅವಳು ದೇವರ ಪೀಠಕ್ಕೆ ಮಾಣಿಕ್ಯ ಕಟ್ಟಿಸಿದಳು, ಬೆಳ್ಳಿಯ ಕೊಡೆ ಏರಿಸಿದಳು, ಮಂಗಲುಳ್ಳೆಯಲ್ಲಿ ಎಂಟುನೂರರ ಹೊಲ ಬಿಟ್ಟಳು.

ನಾನು ಆ ಕಂಬದ ಮುಂದೆ ಅಷ್ಟು ಹೊತ್ತು ನಿಂತದ್ದಕ್ಕೆ ಕಾರಣವಿದೆ. ನನ್ನ ಮೊದಲ ನೌಕರಿ ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ. ಎಂಟನೆಯ ಇಯತ್ತೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ದಾಖಲೆಯಲ್ಲಿ ತಂದೆಯ ಹೆಸರಿನ ಕಾಲಂ ಖಾಲಿ ಇತ್ತು. ಮರೆತು ಬಿಟ್ಟಿರಬೇಕೆಂದುಕೊಂಡು, ತುಂಬಿದ ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿ ಕೇಳಿದೆ. ಅವಳು ಎದ್ದು ನಿಂತಳು, ಹೇಳಲಿಲ್ಲ. ಹಿಂದಿನ ಬೆಂಚಿನ ಹುಡುಗರು ನಕ್ಕರು. ದೇವದಾಸಿ ಬಿಡುವುದನ್ನು ನಿಷೇಧಿಸಿದ 1982ರ ಕಾಯ್ದೆಯ ಬಗ್ಗೆ ಆಗ ನನಗೆ ಗೊತ್ತಿತ್ತು, ಪರೀಕ್ಷೆಗೆ ಓದಿದ್ದೆ. ಎದುರಿಗೆ ನಿಂತ ಹುಡುಗಿಗೂ ಆ ಕಾಯ್ದೆಗೂ ಸಂಬಂಧವಿದೆಯೆಂದು ಹೊಳೆಯಲಿಲ್ಲ. ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ. ಮನೆಗೆ ಎರಡು ಸಲ ಹೋದೆ, ಅವಳ ತಾಯಿ ಬಾಗಿಲಲ್ಲೇ ನಿಂತು ಮಾತಾಡಿಸಿ ಕಳಿಸಿದಳು. ಅದೇ ಸೀಮೆಯಲ್ಲಿ ತಾಯಿ, ತಾಯಿಯ ತಾಯಿ ಎಂದು ಎಣಿಸಿ ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಬಾಗಿಲಲ್ಲಿ ನಿಲ್ಲಿಸಿದ್ದರು. ವಿನಾಪೋಟಿಯ ಬಾಳು ಸುಖದ್ದಾಗಿತ್ತು ಅಂತ ನಾನು ಹೇಳುವುದಿಲ್ಲ. ಅವಳ ವಂಶವನ್ನು ಹೇಗೆ ಎಣಿಸಿದರು ಎಂಬುದನ್ನಷ್ಟೇ ಓದಿದೆ, ಓದಿ ಕಣ್ಣು ತುಂಬಿ ಬಂತು.

ಟಂಟಂ ಬರದೆ ಎರಡು ತಾಸಾಗಿತ್ತು. ಆಲದ ಕೆಳಗೆ ಬುಟ್ಟಿ ಇಟ್ಟುಕೊಂಡು ಕುಳಿತ ರೊಟ್ಟಿ ಮಾರುವ ಹೆಣ್ಣುಮಗಳು ಅವ್ವನನ್ನು ಕರೆದು ಕೂಡಿಸಿಕೊಂಡಿದ್ದಳು. ತೆಳ್ಳನೆಯ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯೆ, ಉಳ್ಳಾಗಡ್ಡಿ, ಸಣ್ಣ ಗಡಿಗೆಯಲ್ಲಿ ಹೆಪ್ಪುಹಾಕಿದ ಮೊಸರು. ಗಡಿಗೆ ಬಗ್ಗಿಸಿದರೂ ಬೀಳದಷ್ಟು ಗಟ್ಟಿ. ಬಾದಾಮಿಯ ಹೋಟೆಲಿನಲ್ಲಿ ಮೂರು ಹೊತ್ತು ಉಂಡದ್ದಕ್ಕಿಂತ ಇದೊಂದು ಊಟ ಮೇಲು.

"ಆ ಕಂಬದಾಗ ಏನ ಬರದೈತ್ರಿ ಅಕ್ಕಾರ? ಅಷ್ಟೊತ್ತ ನಿಂತಿದ್ರಿ" ಎಂದು ಕೇಳಿದಳು. ಹೇಳಿದೆ. ಸೂಳೆ ಎಂಬ ಮಾತು ಬಂದಾಗ ಅವ್ವ ಮುಖ ಸಣ್ಣದು ಮಾಡಿ, "ದೇವರ ಗುಡ್ಯಾಗ ಆ ಮಾತ ಯಾಕ ಆಡ್ತಿ?" ಅಂದಳು.

"ಗುಡ್ಯಾಗ ಬರದೈತಿ ಬೇ."

ರೊಟ್ಟಿಯವಳ ಮುಖ ಹಾಗೇ ಇತ್ತು. ಇನ್ನೊಂದು ರೊಟ್ಟಿ ನನ್ನ ಕೈಗಿಟ್ಟು ಕೇಳಿದಳು, "ಹೊಲ ಕೊಟ್ಟಾಳಂತೀರಿ. ಅಂದ್ರ ಹೊಲ ಆಕೀ ಹೆಸರಿಗೇ ಇತ್ತನ್ರಿ?"

ಇಷ್ಟು ವರ್ಷ ಶಾಸನ ಓದಿದ ನನಗೆ ಆ ಪ್ರಶ್ನೆ ಬಂದಿರಲಿಲ್ಲ. ಇರಬೇಕು, ಕೊಡುವ ಹಕ್ಕಿರದಿದ್ದರೆ ಕೊಡುವುದು ಹೇಗೆ ಅಂದೆ.

"ನಮ್ದು ಎರಡ ಎಕರೆ ಐತ್ರಿ. ಉತಾರದಾಗ ಇನ್ನೂ ನಮ್ಮ ಮಾವನ ಹೆಸರೈತಿ. ಆತ ತೀರಿ ಹನ್ನೆರಡ ವರ್ಷಾತು, ನಮ್ಮ ಮನಿಯವರು ತೀರಿ ನಾಕ ವರ್ಷ. ಬಿತ್ತಾಕಿ ನಾ, ಕಳೆ ತಗ್ಯಾಕಿ ನಾ. ಎಂಟನೂರ ಅಂದ್ರ ಎಷ್ಟ ಕೂರಿಗಿ ಆಗತೈತ್ರಿ?"

ಕಲ್ಲಿನಲ್ಲಿ ಎಂಟುನೂರು ಅಂತ ಅಷ್ಟೇ ಇದೆ, ಅಳತೆ ಯಾವುದೆಂದು ಇಲ್ಲ ಅಂದೆ. "ಎಷ್ಟರ ಇರ್ಲಿ, ಭಾಳ ಆತು" ಎಂದು ತಲೆಯಾಡಿಸಿದಳು.

ಬುಟ್ಟಿ ಹೊರುವುದು ಯಾರಿಂದ ಕಲಿತದ್ದು ಎಂದು ಅವ್ವ ಕೇಳಿದಳು. ಅತ್ತೆಯಿಂದ, ಅತ್ತೆ ತನ್ನ ಅತ್ತೆಯಿಂದ. "ನಮ್ಮವ್ವಗ ಹೊಲದ ಕೆಲಸ ಅಷ್ಟ ಗೊತ್ತಿತ್ರಿ. ಮದುವ್ಯಾಗಿ ಬಂದ ಮ್ಯಾಲ ಹೆಸರೂ ಹೊಸಾದು, ಬುಟ್ಟೀನೂ ಹೊಸಾದು." ಅವ್ವನ ಹೆಸರನ್ನೂ ಮದುವೆಯಲ್ಲಿ ಬದಲಿಸಿದ್ದರು. ಅಕ್ಕಿಯ ಮೇಲೆ ಬರೆದ ಹೊಸ ಹೆಸರನ್ನು ಓದಲು ಬಾರದೆ ಗಂಡನ ಬಾಯಿಂದಲೇ ಕೇಳಿ ತಿಳಿದಳಂತೆ. ನನಗೆ ಇದನ್ನು ಅವಳು ಎಂದೂ ಹೇಳಿರಲಿಲ್ಲ. ರೊಟ್ಟಿಯವಳಿಗೆ ಹೇಳಿದಳು. ಇಬ್ಬರೂ ತವರಿನ ಹೆಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಅವ್ವನ ತವರಿನ ಹೆಸರನ್ನು ಇನ್ನೊಬ್ಬರು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು, ರೊಟ್ಟಿಯವಳು ಮೊಸರು ಹಾಕುತ್ತ ಆ ಹೆಸರು ಹಿಡಿದು "ಇನ್ನಷ್ಟ ಹಾಕ್ಲಿ?" ಎಂದಾಗ.

ಕಡೆಗೆ ನಂದಿಕೇಶ್ವರದ ಕಡೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ಗಾಡಿಯನ್ನು ಅವಳೇ ನಿಲ್ಲಿಸಿ ನಮ್ಮನ್ನು ಹತ್ತಿಸಿದಳು. ರೊಟ್ಟಿಯ ದುಡ್ಡಿನಲ್ಲಿ ಚಿಲ್ಲರೆ ವಾಪಸು ಕೊಡಲು ಗಾಡಿಯ ಹಿಂದೆ ಹತ್ತು ಹೆಜ್ಜೆ ಓಡಿ ಬಂದಳು.

ಆ ರಾತ್ರಿ ಲಾಡ್ಜಿನಲ್ಲಿ ಅವ್ವ ನೋಟ್‌ಬುಕ್ ತೆಗೆಸಿ ಆ ಮೂರು ಹೆಸರನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ತನ್ನ ತಾಯಿಯ ಹೆಸರು ಬರೆಸಿದಳು. ಅದರ ಮೇಲಿನದು ಅಂದೆ. ಸುಮ್ಮನಾದಳು. ಆ ಅಜ್ಜಿಯನ್ನು ಅವಳು ಕಂಡಿದ್ದಳು, ಅವಳ ಮಗ್ಗುಲಲ್ಲಿ ಮಲಗಿ ಬೆಳೆದಿದ್ದಳು. ಎಲ್ಲರೂ ಕರೆಯುತ್ತಿದ್ದದ್ದು ಬೆಳವಡಿ ಆಯಿ ಅಂತ.

ಮರುದಿನ ಬೆಳಿಗ್ಗೆ ಬನಶಂಕರಿ. ಚೊಳಚಗುಡ್ಡದ ಈಗಿನ ಗುಡಿ 1750ರಲ್ಲಿ ಮರಾಠ ಸರದಾರನೊಬ್ಬ ಕಟ್ಟಿಸಿದ್ದು, ಆದರೆ ದೇವಿ ಬಹಳ ಹಳಬಳು. ಸಿಂಹದ ಮೇಲೆ ಕುಳಿತ ಎಂಟು ಕೈಯ ಕರಿಯ ಮೂರ್ತಿ. ಇವಳೇ ಶಾಕಂಭರಿ. ನೂರು ವರ್ಷ ಮಳೆ ಇಲ್ಲದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಲೋಕ ಸಾಕುತ್ತೇನೆಂದು ದೇವೀಮಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ಮಾತು ಕೊಡುತ್ತಾಳೆ. ಜಾತ್ರೆ ಸಮಯದ ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯ ಎಡೆ ಹಿಡಿಯುತ್ತಾರೆ. ಮಳೆ ನೆಚ್ಚಲಾಗದ ಈ ನಾಡಿಗೆ ಇವಳಿಗಿಂತ ಹತ್ತಿರದ ದೇವರು ಬೇರೆ ಇಲ್ಲ ಎಂದು ನನಗೆ ಅನಿಸುತ್ತದೆ. ಅವ್ವ ಕೋಲು ಹಿಡಿಯದೆ ಒಳಗೆ ನಡೆದು ಉಡಿ ತುಂಬಿದಳು. ಅರ್ಚಕರು ಸಂಕಲ್ಪಕ್ಕೆ ಹೆಸರು ಕೇಳಿದರು. ಅಪ್ಪನದು, ತಮ್ಮನದು, ಮೊಮ್ಮಕ್ಕಳದು ಹೇಳಿ, ಕಡೆಗೆ ತನ್ನ ಎರಡೂ ಹೆಸರು ಹೇಳಿದಳು.

ಹೊರಗೆ ಬಂದು ಹರಿದ್ರಾತೀರ್ಥದ ದಂಡೆಯ ಕಲ್ಲುಮಂಟಪದಲ್ಲಿ ಕುಳಿತು ಸೋದರಮಾವನಿಗೆ ಫೋನ್ ಹಚ್ಚಿಸಿದಳು. ಸ್ಪೀಕರ್ ಹಾಕಿದ್ದೆ.

"ಆಯೀ ಹೆಸರೇನೋ ತಮ್ಮಾ?"

"ಯಾವ ಆಯಿ?"

"ಬೆಳವಡಿ ಆಯಿ."

"ಆಯಿ ಅಂದ್ರ ಆಯಿ. ಹೆಸರ ಯಾರ ಕೇಳಿದ್ರು ಆಕೀದು? ಯಾಕ ಈಗ?"

ಯಾಕೆಂದು ಅವ್ವ ಹೇಳಲಿಲ್ಲ. ಆರೋಗ್ಯ ವಿಚಾರಿಸಿ ಫೋನು ನನ್ನ ಕೈಗೆ ಕೊಟ್ಟಳು. ಕೊಡ ಹೊತ್ತ ಇಬ್ಬರು ಹೆಂಗಸರು ಮೆಟ್ಟಿಲಿಳಿದು ನೀರಿನವರೆಗೆ ಹೋಗುವ ತನಕ ಅವರನ್ನೇ ನೋಡುತ್ತ ಕುಳಿತಳು.

"ಬೆಳವಡ್ಯಾಗ ಆಯೀ ಮನೀ ಎದುರಿಗೆ ಒಬ್ಬಾಕಿ ಮುದುಕಿ ಇದ್ಲು. ಇನ್ನೂ ಅದಾಳ ಅಂತ ಹೋದ ವರ್ಷ ಯಾರೋ ಅಂದ್ರು. ಬನದ ಹುಣ್ಣಿಮಿ ಒಳಗ ಒಮ್ಮೆ ಹೋಗಿ ಬರೂಣು" ಅಂದಳು. "ಆ ಪುಸ್ತಕದಾಗ ಜಾಗಾ ಬಿಟ್ಟಿಯಿಲ್ಲ?"

ಬಿಟ್ಟಿದ್ದೆ.