ಆಸ್ಕರ್ ಮೀನಿಗೆ ಕ್ಯಾನ್ ನೀರು

ಮೈಸೂರಿನಲ್ಲಿ ನಮ್ಮ ಭಾವನ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ವರ್ಷದ ಕೊನೆಗೆ ಕ್ಯಾಲೆಂಡರು. ಗಿರಾಕಿಗಳು ಕೂರುವ ಜಾಗದಲ್ಲಿ ಮೂರು ಅಡಿ ಉದ್ದದ ಒಂದು ಫಿಶ್ ಟ್ಯಾಂಕ್. ವಾಸ್ತು ಹೇಳಿದವರ ಮಾತು ಕೇಳಿ ಈಶಾನ್ಯ ಮೂಲೆಗೆ ತಂದಿಟ್ಟದ್ದು. ಶುರುವಿನಲ್ಲಿ ಏಳೆಂಟು ಮೀನಿದ್ದವಂತೆ. ನಾನು ನೋಡುವ ಹೊತ್ತಿಗೆ ಉಳಿದದ್ದು ಒಂದೇ, ಟೈಗರ್ ಆಸ್ಕರ್. ಮಿಕ್ಕವು ಏನಾದವು ಅಂತ ಅದರ ಬಾಯಿ ನೋಡಿದರೇ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ಸಿಗುವಾಗ ಆಸ್ಕರ್ ಎರಡು ಇಂಚಿನ ಮರಿ. ಮುದ್ದಾಗಿರುತ್ತೆ. ಅದು ಅಮೆಜಾನ್ ಸೀಮೆಯ ಮೀನು, ಚೆನ್ನಾಗಿ ಬೆಳೆದರೆ 30 ಸೆಂಟಿಮೀಟರ್ ಆಗುತ್ತೆ, ಹತ್ತು ಹದಿನೈದು ವರ್ಷ ಬದುಕುತ್ತೆ ಅಂತ ಮಾರುವವರು ಹೇಳಲ್ಲ, ಕೊಳ್ಳುವವರು ಕೇಳಲ್ಲ. ಭಾವನ ಟ್ಯಾಂಕಿನ ಅಗಲ ಒಂದೇ ಅಡಿ. ಮೀನು ಒಂದು ಗೇಣು ದಾಟಿ ಬೆಳೆದಿತ್ತು. ಹಿಂದಕ್ಕೆ ತಿರುಗಬೇಕಾದರೆ ಬಾಲ ಗಾಜಿಗೆ ಉಜ್ಜುತ್ತಿತ್ತು.

ನಮ್ಮ ಗೃಹಪ್ರವೇಶದ ಕಾರ್ಡಿನ ಪ್ರೂಫ್ ನೋಡಲು ಹೋದವನು ಮೀನನ್ನೇ ನೋಡುತ್ತಾ ಕೂತುಬಿಟ್ಟೆ. ನನ್ನ ಮನೆಯಲ್ಲೂ ಟ್ಯಾಂಕ್ ಇದೆ, ಹುಚ್ಚು ಹಳೆಯದು. ಆಸ್ಕರ್ ಮೈ ಕಡುಗಪ್ಪಿಗೆ ಕೆಂಡದ ಬಣ್ಣದ ಪಟ್ಟೆ ಇರಬೇಕು. ಇದು ಬೂದಿ ಬಣ್ಣಕ್ಕೆ ತಿರುಗಿತ್ತು. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ಕಣ್ಣಿನ ಮೇಲೆ, ಹಣೆಯ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದಂಥ ಗುಳಿಗಳು, ಒಂದೆರಡು ಸಾಸಿವೆ ಕಾಳಿನಷ್ಟು ಅಗಲವಾಗಿ ಒಳಗೆ ಬೆಳ್ಳಗೆ ಕಾಣುತ್ತಿದ್ದವು. ಹೋಲ್ ಇನ್ ದ ಹೆಡ್ ಅಂತಾರೆ ಇದಕ್ಕೆ. ಕಾರಣ ಇದೇ ಒಂದು ಅಂತ ಹೇಳಲಾಗದು, ಆದರೆ ಕೊಳೆ ನೀರು, ಸತ್ವವಿಲ್ಲದ ಆಹಾರ ಎರಡೂ ಇರುವ ಕಡೆ ಇದು ಜಾಸ್ತಿ.

ನೀರು ಬೆಲ್ಲದ ಕಾಫಿಯನ್ನು ತೆಳ್ಳಗೆ ಮಾಡಿದ ಹಾಗಿತ್ತು. ಕದಡಿರಲಿಲ್ಲ. ಮುಚ್ಚಳ ಎತ್ತಿದರೆ ಘಾಟು.

ಕಟಿಂಗ್ ಮಷಿನ್ ನೋಡಿಕೊಳ್ಳುವ ಅಣ್ಣನೇ ಮೀನಿಗೂ ಊಟ ಹಾಕುವವರು. ನೀರು ಯಾವಾಗ ಬದಲಾಯಿಸ್ತೀರಿ ಅಂತ ಕೇಳಿದೆ.

“ಬದ್ಲಾಯ್ಸಲ್ಲ ಸಾರ್. ಇಂಗಿದಷ್ಟು ತುಂಬಿಸ್ತೀನಿ. ನಾವು ಕುಡಿಯೋ ಕ್ಯಾನ್ ನೀರೇ ಹಾಕೋದು. ನಲ್ಲಿ ನೀರು ಮುಟ್ಟಿಸೇ ಇಲ್ಲ.” ಅವರ ದನಿಯಲ್ಲಿ ಹೆಮ್ಮೆ ಇತ್ತು. ಅಕ್ಕರೆಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ.

ಮರುದಿನ ಟೆಸ್ಟ್ ಕಿಟ್ ತಗೊಂಡು ಹೋದೆ. ಸಣ್ಣ ಗಾಜಿನ ಕೊಳವೆಯಲ್ಲಿ ಟ್ಯಾಂಕಿನ ನೀರು ಹಿಡಿದು, ಹನಿ ಹಾಕಿ, ಬಣ್ಣ ನೋಡುವುದು. ಪಿಎಚ್ ಅಂದರೆ ನೀರಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದರ ಕೊಳವೆ ಹಳದಿ, ಅಂದರೆ 6 ಅಥವಾ ಅದಕ್ಕಿಂತ ಕೆಳಗೆ. ಕಾರ್ಡಿನಲ್ಲಿ ಅದಕ್ಕಿಂತ ಕೆಳಗಿನ ಬಣ್ಣವೇ ಇಲ್ಲ. ಅಮೋನಿಯ ಕೊಳವೆ ಹಳದಿಯಾಗಿ ಉಳಿಯಬೇಕಿತ್ತು, ಬಾಳೆ ಎಲೆಯ ಹಸಿರಿಗೆ ಹೋಯಿತು. ಪ್ರೆಸ್ಸಿನ ಹುಡುಗರು ಸುತ್ತ ನಿಂತಿದ್ದರು. ಬಣ್ಣ ಹೋಲಿಸುವುದರಲ್ಲಿ ನನಗಿಂತ ಅವರ ಕಣ್ಣು ಚುರುಕು, ದಿನವಿಡೀ ಅದೇ ಕೆಲಸ ಅಲ್ವಾ. “ಸಾರ್, ಇದು ಕೊನೇ ಚೌಕ” ಅಂದ ಒಬ್ಬ.

ಇಷ್ಟು ಅಮೋನಿಯದಲ್ಲಿ ಮೀನು ಬದುಕಿರುವುದು ಹೇಗೆ? ಉತ್ತರ ಆ ಹಳದಿ ಕೊಳವೆಯಲ್ಲೇ ಇತ್ತು. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತೆ. ಫಿಲ್ಟರಿನಲ್ಲಿ, ಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತೆ. ನೀರಿನಲ್ಲಿರುವ ಕಾರ್ಬೊನೇಟ್ ಅದನ್ನು ತಡೆದುಕೊಳ್ಳುತ್ತೆ, ತಾನು ಖರ್ಚಾಗುತ್ತಾ ಹೋಗುತ್ತೆ. ನಲ್ಲಿ ನೀರು ಹಾಕಿದ್ದರೆ ಅದು ಮತ್ತೆ ಸ್ವಲ್ಪ ತುಂಬಿಕೊಳ್ಳುತ್ತಿತ್ತು. ಕ್ಯಾನ್ ನೀರು ಆರ್‌ಒ ನೀರು, ಅದರಲ್ಲಿ ಹೆಚ್ಚುಕಡಿಮೆ ಏನೂ ಉಳಿದಿರಲ್ಲ. ಕಾರ್ಬೊನೇಟ್ ಮುಗಿದಾಗ ಪಿಎಚ್ ಕುಸಿಯಿತು. ಪಿಎಚ್ 6ಕ್ಕೆ ಬಂದಾಗ ಬ್ಯಾಕ್ಟೀರಿಯಗಳೂ ಸುಸ್ತಾದವು. ಅಮೋನಿಯ ಹಾಗೇ ಕೂಡಿಬಿತ್ತು.

ಆದರೆ ಹುಳಿ ನೀರಿನಲ್ಲಿ ಅಮೋನಿಯದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತೆ. ಅದರ ವಿಷ ಬಹಳ ಕಡಿಮೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 6 ಇದ್ದರೆ ವಿಷದ ರೂಪದಲ್ಲಿರುವುದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಪಿಎಚ್ 8 ಆದರೆ ನೂರಕ್ಕೆ ಐದು ಪಾಲು. ಅಂದರೆ ಹತ್ತಿರ ಹತ್ತಿರ ನೂರು ಪಟ್ಟು. ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ಅಳೆದೆ, 8ರ ಹತ್ತಿರ ತೋರಿಸಿತು. ಅರ್ಧ ಟ್ಯಾಂಕ್ ಖಾಲಿ ಮಾಡಿ ಆ ಚೊಕ್ಕ ನೀರು ತುಂಬಿಸಿದರೆ, ಒಳಗೆ ಉಳಿದ ಅಮೋನಿಯಂ ಅಲ್ಲೇ ವಿಷವಾಗಿ ಮೀನು ಸಂಜೆಯೊಳಗೆ ಹೋಗಬಹುದಿತ್ತು. ಎಷ್ಟೋ ಜನ ಹೇಳುವುದಿಲ್ಲವೇ, ಕೊಳಕಿನಲ್ಲಿ ಚೆನ್ನಾಗೇ ಇತ್ತು, ನೀರು ಬದಲಾಯಿಸಿದ್ದೇ ಸತ್ತುಹೋಯಿತು ಅಂತ. ಆ ಮಾತು ಸುಳ್ಳಲ್ಲ.

ಇದನ್ನು ಭಾವನಿಗೆ ತಿಳಿಸುವುದೇ ದೊಡ್ಡ ಕೆಲಸವಾಯಿತು. ನಾನು ಹೋಗುವ ಮೊದಲೇ ಅವರು ಅಕ್ವೇರಿಯಂ ಅಂಗಡಿಯವರೊಬ್ಬರನ್ನು ಕರೆಸಿ ಮಾತಾಡಿದ್ದರು. ಮೀನನ್ನು ಬಕೆಟ್ಟಿಗೆ ಹಾಕಿ, ಕಲ್ಲೆಲ್ಲ ತೆಗೆದು ತೊಳೆದು, ಒಂದೇ ದಿನದಲ್ಲಿ ಕನ್ನಡಿ ಮಾಡಿಕೊಡ್ತೀನಿ ಅಂದಿದ್ದರಂತೆ ಅವರು.

“ಅವ್ರು ಒಂದು ದಿನ ಅಂತಾರೆ, ನೀನು ತಿಂಗಳು ಅಂತೀಯ” ಅಂದರು ಭಾವ.

“ಭಾವ, ನಿಮಗೆ ಟ್ಯಾಂಕ್ ಬೇಕೋ, ಮೀನು ಬೇಕೋ?”

ಅಕ್ಕ ಪಕ್ಕದಲ್ಲೇ ಲೆಕ್ಕ ಬರೆಯುತ್ತಿದ್ದಳು. ತಲೆ ಎತ್ತದೆ, “ಅವನು ಹೇಳ್ದಂಗೆ ಕೇಳ್ರಿ” ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲ ಎರಡು ದಿನ ಊಟ ಬಂದ್. ಇಷ್ಟು ದೊಡ್ಡ ಮೀನಿಗೆ ಅದೇನೂ ಹಿಂಸೆಯಲ್ಲ. ದಿನಾ ಹತ್ತರಲ್ಲಿ ಒಂದು ಪಾಲು ನೀರು ಮಾತ್ರ ತೆಗೆಯುವುದು, ಅಷ್ಟೇ ಹಾಕುವುದು. ಟ್ಯಾಂಕಿನಲ್ಲಿ ನೂರು ಲೀಟರಿನ ಆಸುಪಾಸು ನೀರು, ಹಾಗಾಗಿ ಒಂದು ಸಣ್ಣ ಬಕೆಟ್ ಸಾಕು. ಆ ಬಕೆಟ್ ಮಾತ್ರ ಹೊಸದೇ ತರಿಸಿದೆ. ಪ್ರೆಸ್ಸಿನಲ್ಲಿದ್ದವೆಲ್ಲ ಶಾಯಿ ತೊಳೆಯುವ ಸೀಮೆಎಣ್ಣೆ ವಾಸನೆ. ಹುಡುಗರಿಗೂ ಹೇಳಿದೆ, ಶಾಯಿ ಕೈ ಟ್ಯಾಂಕಿಗೆ ಇಳಿಯಕೂಡದು.

ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿದೆವು. ಅದು ಬಹುಮಟ್ಟಿಗೆ ಹೈಪೋ. ಆ ಹೆಸರು ಕೇಳಿದ್ದೇ ಭಾವನ ಮುಖ ಅರಳಿತು. ಫಿಲ್ಮ್ ನೆಗೆಟಿವ್ ತೊಳೆಯುತ್ತಿದ್ದ ಕಾಲದಲ್ಲಿ ಅವರು ಕೇಜಿಗಟ್ಟಲೆ ಹೈಪೋ ಬಳಸಿದವರು. “ಡಾರ್ಕ್ ರೂಮಿನಲ್ಲಿ ಹಳೇ ಡಬ್ಬ ಇರ್ಬೇಕು, ತರ್ಲಾ?” ಬೇಡ ಅಂದೆ. ಅದರ ಮೇಲೆ ಇನ್ನೇನೇನು ಬಿದ್ದಿದೆಯೋ.

ಫಿಲ್ಟರಿನ ಸ್ಪಾಂಜ್ ಹಿಂಡಿದಾಗ ಬಂದದ್ದು ನೀರಲ್ಲ, ಕೆಸರು. ಅದನ್ನು ನಲ್ಲಿ ಕೆಳಗೆ ಹಿಡಿಯದೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಅದ್ದಿ ಅದ್ದಿ ತೊಳೆದೆ. ಉಳಿದಿರುವ ಅಷ್ಟಿಷ್ಟು ಬ್ಯಾಕ್ಟೀರಿಯಗಳನ್ನೂ ಕ್ಲೋರಿನ್ನಿಗೆ ಕೊಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತೆ. ಕಲ್ಲಿನ ತಳವನ್ನೂ ಒಂದೇ ಸಲ ಕೆದಕಲಿಲ್ಲ. ಪೈಪಿನಿಂದ ಒಂದು ಕಡೆಯ ಅಂಗೈಯಗಲ ಜಾಗವನ್ನಷ್ಟೇ ಎಳೆದದ್ದಕ್ಕೆ ಕೊಳೆತ ಮೊಟ್ಟೆ ವಾಸನೆ ಬಂತು. ಕಾರ್ಡ್ ಆರಿಸಲು ಬಂದಿದ್ದ ಗಿರಾಕಿ ಒಬ್ಬರು ಮೂಗಿಗೆ ಕರ್ಚೀಫ್ ಹಿಡಿದು ಹೊರಗೆ ನಿಂತರು. ಆವತ್ತಿನಿಂದ ಆ ಕೆಲಸ ಬಾಗಿಲು ಹಾಕಿದ ಮೇಲೆ.

ಒಂದು ಬೆಳಗ್ಗೆ ಕಟಿಂಗ್ ಅಣ್ಣನ ಫೋನು. “ಸಾರ್, ಮೀನು ಹೋಗ್ಬಿಡ್ತು. ಮಗ್ಗುಲಾಗಿ ಬಿದ್ದದೆ.” ಕಿವಿರು ಆಡ್ತಿದೆಯಾ ಅಂತ ಕೇಳಿದೆ. ಆಡ್ತಿದೆ ಅಂದರು. ಹಾಗಾದರೆ ಸುಮ್ನೆ ಬಿಡಿ, ಅದು ಮುನಿಸಿಕೊಂಡಿದೆ ಅಂದೆ. ತಮಾಷೆಯಲ್ಲ, ಆಸ್ಕರ್‌ಗಳು ಹಾಗೇ. ಸಾಮಾನು ಜರುಗಿಸಿದರೆ, ನೀರು ಬದಲಾಯಿಸಿದರೆ ಕೆಲವು ತಳದಲ್ಲಿ ಒರಗಿ ಮಲಗಿಬಿಡುತ್ತವೆ. ಮಧ್ಯಾಹ್ನಕ್ಕೆ ಎದ್ದು ಓಡಾಡುತ್ತಿತ್ತಂತೆ.

ಪಿಎಚ್ ಮೆಲ್ಲಗೆ ಆರೂವರೆ ದಾಟಿತು. ಫಿಲ್ಟರಿಗೆ ಜೀವ ಬಂತು ಅನ್ನುವುದಕ್ಕೆ ಸಾಕ್ಷಿ ನೈಟ್ರೈಟ್ ಏರಿದ್ದು. ಅದೂ ಕೆಟ್ಟದ್ದೇ, ಕಿವಿರಿನ ಮೂಲಕ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿ ಕಳೆಯುತ್ತೆ. ಅದಕ್ಕೆ ಕಲ್ಲುಪ್ಪು ಕರಗಿಸಿ ಹಾಕಿದೆವು. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತೆ. ಎಲ್ಲ ಮೀನಿಗೂ ಉಪ್ಪು ಒಗ್ಗಲ್ಲ, ಆಸ್ಕರ್ ಇಷ್ಟನ್ನು ತಡೆದುಕೊಳ್ಳುತ್ತೆ. ಜೊತೆಗೆ ಗಾಳಿ ಪಂಪು ಹಗಲೂ ರಾತ್ರಿ. ಕರೆಂಟ್ ಹೋದರೂ ನಡೆಯಲಿ ಅಂತ ಯುಪಿಎಸ್‌ಗೆ ಕೊಟ್ಟೆವು.

ಅಮೋನಿಯ ಕೊಳವೆ ಹಳದಿಯಾಗಿಯೇ ಉಳಿಯತೊಡಗಿದ ಮೇಲೆ ಕೈ ಬಿಚ್ಚಿ ನೀರು ಬದಲಾಯಿಸಲು ಶುರು ಮಾಡಿದೆವು, ವಾರಕ್ಕೊಮ್ಮೆ ಮೂರನೇ ಒಂದು ಪಾಲು. ತೆಗೆದ ನೀರು ಅಂಗಳದ ದಾಸವಾಳಕ್ಕೆ. ಕೋಳಿ ಲಿವರ್ ಹಾಕುವುದು ನಿಲ್ಲಿಸಿ ದೊಡ್ಡ ಪೆಲೆಟ್ ಕೊಟ್ಟೆವು. ಮೊದಮೊದಲು ಉಗಿಯಿತು. ಹಸಿವು ಬಲವಾದ ಮೇಲೆ ನುಂಗಿತು. ಹಣೆಯ ಗುಳಿಗಳು ಅಂಚಿನಿಂದ ಮುಚ್ಚಿಕೊಳ್ಳುತ್ತಾ ಬಂದವು. ಎರಡು ದೊಡ್ಡವು ಕಲೆಯಾಗಿ ಉಳಿದಿವೆ, ಹೋಗುವ ಹಾಗೆ ಕಾಣಲ್ಲ. ಪಟ್ಟೆಗಳು ಮಾತ್ರ ಮತ್ತೆ ಕೆಂಪಾಗಿವೆ. ಭಾವ ಬಾಗಿಲು ತೆಗೆದರೆ ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತೆ. ವಾಸ್ತು ಫಲಿಸ್ತಿದೆ ಅಂತ ಅವರು ಗಿರಾಕಿಗಳಿಗೆ ಹೇಳುವುದನ್ನು ಕೇಳಿದೆ. ನಾನು ಬಾಯಿ ಬಿಡಲಿಲ್ಲ.

ನೀರು ಸರಿಯಾದರೂ ಆ ಟ್ಯಾಂಕ್ ಅದಕ್ಕೆ ಸಾಲದು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಇರಲಿ ಅಂತ ಹಟ ಹಿಡಿದಿದ್ದೇನೆ. “450 ಲೀಟರು, ಅಂದ್ರೆ ನಾಲ್ಕೂವರೆ ಕ್ವಿಂಟಾಲ್! ಪೇಪರ್ ರೀಮ್ ಎಲ್ಲಿಡ್ಲಿ?” ಅಂತ ಭಾವ ಗೊಣಗಿದರು, ಆದರೂ ಸ್ಟ್ಯಾಂಡ್ ಮಾಡುವ ವೆಲ್ಡಿಂಗಿನವರಿಗೆ ಅಡ್ವಾನ್ಸ್ ಕೊಟ್ಟಾಯಿತು. ಹಳೇ ಸ್ಪಾಂಜನ್ನು ಹೊಸ ಫಿಲ್ಟರಿಗೆ ಹಾಗೇ ಹಾಕಬೇಕು ಅಂತ ಕಟಿಂಗ್ ಅಣ್ಣನಿಗೆ ಹೇಳಲು ಹೋದೆ. “ನಲ್ಲೀಲಿ ತೊಳೀಬಾರ್ದು, ಗೊತ್ತು ಬಿಡಿ ಸಾರ್” ಅಂದರು.