ಬೂಷ್ಟಿಗೆ ಏನು ಹಚ್ಚಬೇಕು ಅಂತ ಕೇಳೋರಿಗೆ

ಪುನರ್ವಸು ಮಳೆ ಹಿಡಿದು ನಾಲ್ಕು ದಿನ ಆದರೆ ಸಾಕು, ನಮ್ಮ ಮಲೆನಾಡಿನ ಕಡೆ ಫೋನ್ ಮಾಡುವವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ. ಕರೆಂಟ್ ಇದೆಯಾ? ಗೋಡೆಯ ಬೂಷ್ಟಿಗೆ ಏನು ಹಚ್ಚುತ್ತೀರಿ? ಮೊದಲನೆಯದಕ್ಕೆ ಉತ್ತರ ಕೇಳುವವರಿಗೇ ಗೊತ್ತಿರುತ್ತದೆ. ಎರಡನೆಯದಕ್ಕೆ ನಾನು ಕೊಡುವ ಉತ್ತರ ಯಾರಿಗೂ ಇಷ್ಟ ಆಗುವುದಿಲ್ಲ. ಏನೂ ಹಚ್ಚಬೇಡಿ, ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ.

ಬೂಷ್ಟಿನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಬೇಸಿಗೆಯಲ್ಲೂ ಇರುತ್ತವೆ. ಅವಕ್ಕೆ ತಿನ್ನಲು ಧೂಳು, ಪೇಂಟ್, ಪ್ಲೈವುಡ್, ಚಪ್ಪಲಿಯ ಚರ್ಮ, ಸೀರೆಯ ಗಂಜಿ, ಪುಸ್ತಕದ ಅಂಟು, ಯಾವುದಾದರೂ ಆಗುತ್ತದೆ. ಮನೆಯಿಂದ ಇವನ್ನೆಲ್ಲ ಹೊರಗೆ ಹಾಕಲು ಆಗಲ್ಲ ಅಲ್ವಾ? ನಮ್ಮ ಕೈಯಲ್ಲಿರುವುದು ನೀರು ಒಂದೇ. ಮನೆಯೊಳಗಿನ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಏಳುವುದು ಕಷ್ಟ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೂ ಸಾಮಾನ್ಯವಾಗಿ ಏಳುವುದಿಲ್ಲ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ಕೊಳೆರೋಗ ಬಂದು ಕಾಯಿ ಉದುರಿದ ಮೇಲಲ್ಲ, ಮಳೆ ಜೋರಾಗುವ ಮೊದಲು. ತೋಟದಲ್ಲಿ ಇಷ್ಟು ಬುದ್ಧಿ ಇರುವ ನಾವು ಮನೆಗೆ ಬಂದ ಕೂಡಲೇ ಡಬ್ಬ ಹಿಡಿದುಕೊಂಡು ಗೋಡೆಗೆ ಬಳಿಯಲು ನಿಲ್ಲುತ್ತೇವೆ.

ಸರಿ, ನೀರು ಎಲ್ಲಿಂದ ಬರುತ್ತದೆ? ಮೇಲಿನಿಂದ ಸೋರಬಹುದು. ಪಾಯದಿಂದ ಮೇಲಕ್ಕೆ ಏರಬಹುದು. ಪಶ್ಚಿಮದ ಗೋಡೆಗೆ ಎರಚಲು ಹೊಡೆದು ಒಳಗೆ ಇಳಿಯಬಹುದು. ಇಲ್ಲವೇ ಮನೆಯೊಳಗಿನ ಗಾಳಿಯಲ್ಲೇ ಇರುವ ಆವಿ ತಣ್ಣಗಿನ ಗೋಡೆಗೆ ತಾಗಿ ನೀರಾಗಬಹುದು. ನೋಡಿದರೆ ಎಲ್ಲ ಒಂದೇ ಥರ ಕಾಣುತ್ತದೆ, ಔಷಧಿ ಮಾತ್ರ ಬೇರೆ ಬೇರೆ. ಪತ್ತೆ ಮಾಡಲು ಒಂದು ಸುಲಭದ ದಾರಿ ಇದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನ ಒಂದು ತುಂಡನ್ನು ಒರೆಸಿ ಒಣಗಿಸಿದ ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಗಟ್ಟಿಯಾಗಿ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಗಿರುವ ಮುಖದಲ್ಲಿ ಹನಿ ಕೂತಿದ್ದರೆ ಅದು ಒಳಗಿನ ಆವಿ. ಕಿತ್ತು ನೋಡಿದಾಗ ಹಿಂದೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ.

ಇನ್ನೊಂದು ವಿಷಯ. ಗೋಡೆ ಮೇಲೆ ಬೆಳ್ಳಗೆ ಎದ್ದದ್ದೆಲ್ಲ ಬೂಷ್ಟಲ್ಲ. ಗೋಡೆಯೊಳಗಿನ ನೀರು ಒಣಗುವಾಗ ಉಪ್ಪನ್ನು ಹೊರಗೆ ತಂದು ಬಿಟ್ಟುಹೋಗುತ್ತದೆ. ಅದನ್ನು ಬೆರಳಿನಲ್ಲಿ ತಿಕ್ಕಿದರೆ ಗರಗರ ಅಂತ ಪುಡಿಯಾಗುತ್ತದೆ, ನೀರು ಹನಿಸಿದರೆ ಕರಗಿ ಹೋಗುತ್ತದೆ. ಬೂಷ್ಟು ಹಾಗೆ ಕರಗುವುದಿಲ್ಲ, ಬೆರಳಿಗೆ ಮೆತ್ತಿಕೊಳ್ಳುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಉಪ್ಪು ಎದ್ದ ಗೋಡೆಗೆ ಬ್ಲೀಚ್ ಹೊಡೆದರೆ ಬ್ಲೀಚ್ ದಂಡ, ಅಷ್ಟೇ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಇಂಟರ್ನೆಟ್‌ನಲ್ಲಿ ಎಲ್ಲಿ ನೋಡಿದರೂ ಒಂದೇ ಸಲಹೆ, ಕಿಟಕಿ ತೆಗೆದಿಡಿ. ಹೇಳಿದವರು ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಆಚೆ ಬಂದವರಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯಲ್ಲಿ ನಡೆಯುವ ಉಪಾಯ ಘಟ್ಟದ ಅಂಚಿನಲ್ಲಿ ನಡೆಯಬೇಕು ಅಂತ ಇಲ್ಲ. ಜಡಿಮಳೆಯಲ್ಲಿ ಹೊರಗಿನ ತೇವಾಂಶವೇ ಶೇಕಡಾ 90ರ ಮೇಲಿರುವಾಗ ಕಿಟಕಿ ತೆಗೆದು ಒಣಗಿಸುವುದು ಏನನ್ನು? ಬಚ್ಚಲು ಮತ್ತು ಅಡುಗೆಮನೆಯ ಆವಿಯನ್ನು ಅಲ್ಲಿಂದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ ಹೊರಗೆ ಕಳಿಸಿ, ಅದು ಬೇಕೇ ಬೇಕು. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರಿನ ಆವಿ ಹುಟ್ಟುತ್ತದೆ, ಅಂದರೆ 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ದೊಡ್ಡ ಕೊಡಪಾನ ನೀರನ್ನು ನಾವೇ ಮನೆಯೊಳಗೆ ಬಿಟ್ಟಿರುತ್ತೇವೆ, ಅನ್ನ ಸಾರು ಕುದಿಯುವ ಆವಿ ಅದರ ಮೇಲೆ. ಉಳಿದ ಕೋಣೆಗಳ ಕಿಟಕಿಯನ್ನು ಮಳೆ ಹೊಳವಾದಾಗ ತೆಗೆಯಿರಿ, ಮತ್ತೆ ಹಿಡಿದಾಗ ಹಾಕಿ. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಬಟ್ಟೆ ಒಣಗಿಸುವುದನ್ನಂತೂ ಬಿಡಿ. ಬಟ್ಟೆಯ ನೀರು ಎಲ್ಲೂ ಮಾಯ ಆಗುವುದಿಲ್ಲ, ಬೀರುವಿನ ಹಿಂದೆ ಹೋಗಿ ಕೂರುತ್ತದೆ.

ನಮ್ಮ ಅತ್ತೆ ಇದಕ್ಕೆಲ್ಲ ಒಂದೇ ಮಾತು ಹೇಳುತ್ತಾರೆ. “ಒಲೆ ಹೋಯ್ತು, ಬೂಷ್ಟು ಬಂತು ಮಾರಾಯ್ತಿ.” ಸುಮ್ನೆ ಹಳೇ ಕಾಲ ಹೊಗಳುವ ಮಾತು ಅಂದುಕೊಂಡರೆ ತಪ್ಪು, ಅದರಲ್ಲಿ ಲೆಕ್ಕ ಇದೆ. ಬಚ್ಚಲೊಲೆ ಇಡೀ ದಿನ ಉರಿಯುತ್ತಿದ್ದಾಗ ಸುತ್ತಲಿನ ಗಾಳಿ ಬಿಸಿಯಾಗುತ್ತಿತ್ತು. ಬಿಸಿ ಗಾಳಿ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡು ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಗೋಡೆಗೆ ವರ್ಷ ವರ್ಷ ಸುಣ್ಣ ಬಳಿಯುತ್ತಿದ್ದರು. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಆದರೆ ಗಾಳಿ ತಾಗುತ್ತಾ ಆ ಕ್ಷಾರ ಇಳಿಯುತ್ತದೆ, ಅದಕ್ಕೇ ಪ್ರತಿ ವರ್ಷ ಬಳಿಯಬೇಕಿತ್ತು. ಸೂರು ಉದ್ದ ಇಳಿದಿರುತ್ತಿತ್ತು. ಅದೂ ಸಾಲದು ಅಂತ ಮಳೆಗಾಲಕ್ಕೆ ಮೊದಲು ಎರಚಲು ಬೀಳುವ ಕಡೆ ಅಡಿಕೆ ಸೋಗೆ ಕಟ್ಟುತ್ತಿದ್ದರು. ಈಗ ಆರ್‌ಸಿಸಿ ಮನೆ. ಸೂರು ಒಂದಡಿ ಇದ್ದರೆ ದೊಡ್ಡದು, ಒಳಗೆ ಗಾಳಿ ಓಡಾಡದ ಪ್ಲಾಸ್ಟಿಕ್ ಪೇಂಟ್, ಮೇಲೆ ನೀರು ನಿಲ್ಲುವ ಟೆರೇಸ್. ಊರಿನವರೆಲ್ಲ ಆಮೇಲೆ ಟೆರೇಸ್ ಮೇಲೆ ಶೀಟ್ ಹಾಕಿಸುತ್ತಾರೆ. ಹಾಗಂತ ಮತ್ತೆ ಒಲೆ ಹಚ್ಚಿ ಅಂತ ನಾನು ಹೇಳುವುದಿಲ್ಲ. ಆ ಹೊಗೆ ಹೆಂಗಸರ ಎದೆಯೊಳಗೆ ಎಷ್ಟು ಹೋಗಿದೆ ಅಂತ ಅತ್ತೆಯ ಕೆಮ್ಮು ಕೇಳಿದರೆ ಗೊತ್ತಾಗುತ್ತದೆ.

ಬೀರುವಿನ ಮಾತು ಬಂತಲ್ಲ. ಹೊರಗೋಡೆಗೆ ಒತ್ತಿಟ್ಟ ಬೀರುವನ್ನು ಒಮ್ಮೆ ಎಳೆದು ನೋಡಿ, ಹಿಂದಿನ ಗೋಡೆಯಲ್ಲಿ ಸರಿಯಾಗಿ ಬೀರುವಿನ ಆಕಾರದಲ್ಲೇ ಒಂದು ಬೂದು ಪಟ್ಟೆ ಮೂಡಿರುತ್ತದೆ, ಅಂಚಿನಲ್ಲಿ ಕಪ್ಪು ಚುಕ್ಕೆ, ನಡುವೆ ತೆಳ್ಳಗೆ ಹತ್ತಿಯ ಹಾಗೆ. ನಾಲ್ಕು ಬೆರಳು ಜಾಗ ಬಿಟ್ಟು ಇಡಿ, ಸಾಧ್ಯವಾದರೆ ಒಳಗೋಡೆಗೆ ಸಾಗಿಸಿ. ನುಸಿ ಗುಳಿಗೆ ಇರುವುದು ಹುಳಕ್ಕೆ, ಬೂಷ್ಟಿಗಲ್ಲ. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಮುಚ್ಚಿದ ಬೀರುವಿನಲ್ಲಿ ನಿಜವಾಗಿ ನೀರು ಎಳೆಯುತ್ತದೆ, ಕೋಣೆಗೆ ಇಟ್ಟರೆ ಏನೂ ಆಗಲ್ಲ. ಡಬ್ಬಿಯಲ್ಲಿ ಸೇರಿದ ನೀರು ಸೀರೆ ಮೇಲೆ ಚೆಲ್ಲದಂತೆ ನೋಡಿಕೊಳ್ಳಿ. ಬೀರುವಿನೊಳಗೆ ಬಲ್ಬ್ ಉರಿಸುವವರಿದ್ದಾರೆ. ಹಳೇ 40 ವ್ಯಾಟ್ ಬಲ್ಬ್ ಬಿಸಿ ಕೊಡುತ್ತದೆ, ಬಟ್ಟೆ ತಾಗಿದರೆ ಬೆಂಕಿಯನ್ನೂ ಕೊಡುತ್ತದೆ. ಎಲ್‌ಇಡಿ ಹಾಕಿದರೆ ಬರೀ ಬೆಳಕು. ದುಡ್ಡಿದ್ದರೆ ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಎಳೆಯುವ ಯಂತ್ರ, ತಗೊಳ್ಳಿ, ಅಂಗೈಯಗಲದ ಅಗ್ಗದ ಮಾಲು ಬೇಡ.

ತೆಗೆಯುವುದು ಹೇಗೆ ಅಂತ ಕೇಳುತ್ತೀರಿ. ಮೂರಡಿಗೆ ಮೂರಡಿ, ಅಷ್ಟರೊಳಗಿದ್ದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಜಾಸ್ತಿ ಹರಡಿದ್ದರೆ ಗೊತ್ತಿದ್ದವರನ್ನು ಕರೆಸಿ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಲೇಬಾರದು, ಮಕ್ಕಳನ್ನೂ ಆಚೆ ಕಳಿಸಿ. ಒಣ ಪೊರಕೆಯಲ್ಲಿ ಮಾತ್ರ ಗುಡಿಸಬೇಡಿ, ಇಡೀ ಮನೆಗೆ ಬಿತ್ತಿದ ಹಾಗೆ. ಒಳಬಾಗಿಲು ಹಾಕಿ, ಫ್ಯಾನ್ ಆಫ್ ಮಾಡಿ, ಹೊರಗಿನ ಕಿಟಕಿ ತೆಗೆದಿಡಿ. ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೇನ್ ಇಳಿಸಿ. ಮೂಗಿಗೆ ಎನ್95 ಮಾಸ್ಕ್, ಟವೆಲ್ ಕಟ್ಟಿದರೆ ಸಾಲದು. ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಸೋಪಿನ ನೀರಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಟೈಲ್ಸು, ಗಾಜು, ಪೇಂಟ್ ಮಾಡಿದ ಗೋಡೆಗೆ ಬಹಳ ಸಲ ಇಷ್ಟೇ ಸಾಕು. ಹಾಸಿಗೆ, ದಿಂಬು, ಉಬ್ಬಿಹೋದ ಪ್ಲೈವುಡ್, ಇವುಗಳ ಒಳಗೆ ಇಳಿದಿದ್ದರೆ ಉಳಿಸುವ ಆಸೆ ಬಿಡಿ.

ಬ್ಲೀಚ್ ಬೇಕೇ ಬೇಕು ಅನ್ನುವವರು ದ್ರವದ್ದು ತಗೊಂಡರೆ 4 ಲೀಟರ್ ನೀರಿಗೆ ಒಂದು ಕಪ್, ಅಂದರೆ 240 ಮಿ.ಲೀ., ದಾಟಬೇಡಿ. ಬ್ಲೀಚ್ ಬಣ್ಣ ತೆಗೆದುಬಿಡುತ್ತದೆ, ಅದಕ್ಕೇ ಎಲ್ಲ ಹೋಯಿತು ಅನ್ನಿಸುತ್ತದೆ. ಆದರೆ ಸತ್ತ ಬೂಷ್ಟಿಗೂ ಸೀನು ಬರುತ್ತದೆ, ಉಜ್ಜಿ ತೆಗೆಯಲೇಬೇಕು. ಮತ್ತೆ, ದಯವಿಟ್ಟು ಇದನ್ನು ಎರಡು ಸಲ ಓದಿ: ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ನಿಂಬೆರಸ, ಅಮೋನಿಯಾ ಇರುವ ಕ್ಲೀನರ್ ಯಾವುದನ್ನೂ ಸೇರಿಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಹಾಕಿಕೊಂಡ ಸಣ್ಣ ಬಚ್ಚಲಲ್ಲಿ ಅದು ಜೀವ ತೆಗೆಯಬಹುದು. ಎರಡೂ ಸೇರಿದರೆ ಜೋರು ಅಂತ ಬೆರೆಸುವವರು ನಮ್ಮೂರಲ್ಲೇ ಇದ್ದಾರೆ.

ಪೇಂಟಿನವರು ಬಂದು “ಡ್ಯಾಂಪ್ ಪ್ರೂಫ್ ಎರಡು ಕೋಟ್ ಹೊಡೆದ್ರೆ ಆಯ್ತು ಅಕ್ಕ” ಅನ್ನುತ್ತಾರೆ. ಒದ್ದೆ ಗೋಡೆಗೆ ಏನು ಹೊಡೆದರೂ ಅದು ಮುಂದಿನ ಮಳೆಗೆ ಹೊಪ್ಪಳಿಕೆ ಎದ್ದು ಉದುರುತ್ತದೆ. ಗೋಡೆ ಪೂರ್ತಿ ಒಣಗಲು ಸಂಕ್ರಾಂತಿ ಕಳೆಯಬೇಕು, ಅಲ್ಲಿವರೆಗೆ ಬ್ರಶ್ ಮುಟ್ಟಬೇಡಿ. ನಾವು ಈ ಸಲ ಪೇಂಟಿಗೆ ಎತ್ತಿಟ್ಟ ದುಡ್ಡಿನಲ್ಲಿ ಪಶ್ಚಿಮದ ಗೋಡೆಗೆ ಮೂರಡಿ ಶೀಟಿನ ಸೂರು ಇಳಿಸಿದೆವು. ಪೇಂಟರ್‌ಗೆ ಸ್ವಲ್ಪ ಬೇಜಾರಾಗಿದೆ.